ಆರು ಪಟ್ಟಿಗೆ ಒಂದೇ ಬಾಲ

ನಾಲ್ಕನೇ ಕೋಣೆಯ ಅಕ್ಕನವರಿಗೆ,

ಗೇಟಿನ ತಮ್ಮ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ತೀರಿಕೊಂಡು ಹನ್ನೊಂದು ತಿಂಗಳಾದವರನ್ನು ಹಾಗೆ ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂಬ ಅಳುಕು ಈಚೆಗೆ ನನಗೆ ಹತ್ತಿಕೊಂಡಿದೆ. ಅದಕ್ಕೇ ಕೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನಾನು ಒಂದೇ ಒಂದು ಸಾಲು ಬರೆದು ನನ್ನ ಹೆಂಡತಿಯನ್ನು ಕೊಲ್ಲುವುದರಲ್ಲಿದ್ದೆ. ನೀವು ಕಲಿಸಿದ ಭಾಷೆಯಲ್ಲಿ, ನೀವು ಕಲಿಸಿದ ಹಾಗೆಯೇ, ಒಂದು ಕಂಸವೂ ತಪ್ಪದಂತೆ ಬರೆದ ಸಾಲು. ಅವಳು ಉಳಿದಳು. ಯಾಕೆ ಉಳಿದಳು ಎಂಬುದನ್ನು ಇಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನಗೆ ನಿಮ್ಮನ್ನೇ ಕೇಳಬೇಕೆನಿಸಿದೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ನಮ್ಮಜ್ಜಿ ಯಾವ ಕತೆಯನ್ನೂ ನಡುವಿನಿಂದ ಶುರುಮಾಡಿದವಳಲ್ಲ. ನಿನ್ನೆ ಹೇಳಿದ ಕತೆಯನ್ನೇ ಕೇಳಿದರೂ ಮತ್ತೆ ರಾಜನ ಊರಿನಿಂದಲೇ ಹೊರಡುತ್ತಿದ್ದಳು. ಅವಳ ಮಡಿಲಲ್ಲಿ ಬೆಳೆದವನು ನಾನು, ಅವಸರ ಮಾಡಿದರೆ ದಾರಿ ತಪ್ಪುತ್ತದೆ.

ನಮ್ಮ ಉಗ್ರಾಣದಲ್ಲಿ ಆರು ಕೋಣೆ. ಒಂದೊಂದರಲ್ಲಿ ಚಾವಣಿಯವರೆಗೆ ಎಂಟು ಸಾವಿರ ಪೆಟ್ಟಿಗೆ ಸೇಬು. ಕೋಣೆ ತುಂಬಿದ ಮೇಲೆ ಬಾಗಿಲಿನ ಅಂಚಿಗೆ ರಬ್ಬರು ಒತ್ತಿ ಮುಚ್ಚಿ, ಒಳಗಿನ ಪ್ರಾಣವಾಯುವನ್ನು ಹೊರದೂಡಿ, ಬೇರೆ ಗಾಳಿ ತುಂಬುತ್ತೇವೆ. ಆಮೇಲೆ ಎಂಟು ತಿಂಗಳು ಆ ಹಣ್ಣಿಗೆ ವಯಸ್ಸಾಗುವುದಿಲ್ಲ. ಆದರೆ ಅದರೊಳಗೆ ಮನುಷ್ಯ ಸಿಕ್ಕಿಕೊಂಡರೆ ಎರಡೇ ಉಸಿರು. ಮೂರನೆಯದನ್ನು ಎಳೆದುಕೊಳ್ಳುವಷ್ಟರಲ್ಲಿ ಕಾಲು ಮಡಚಿರುತ್ತದೆ, ಕೂಗಲೂ ಆಗುವುದಿಲ್ಲ. ಅದಕ್ಕೇ ನೀವು ಕಂಪ್ಯೂಟರಿನಲ್ಲಿ ಕೋಣೆಗೊಂದು ಪಟ್ಟಿ ಮಾಡಿದಿರಿ. ಒಳಗೆ ಹೋಗುವವರು ಬಾಗಿಲ ಬಳಿಯ ಗುಂಡಿಗಳನ್ನು ಒತ್ತಿ ತಮ್ಮ ಹೆಸರು ಹಾಕಬೇಕು, ಹೊರಬಂದು ತಮ್ಮದೇ ಗುಟ್ಟಿನ ಅಂಕಿ ಒತ್ತಿ ತೆಗೆಯಬೇಕು. ಒಬ್ಬರದನ್ನು ಇನ್ನೊಬ್ಬರು ತೆಗೆಯುವಂತಿಲ್ಲ. ಪಟ್ಟಿ ಬರಿದಾದರೆ ಬಾಗಿಲ ಮೇಲಿನ ದೀಪ ಹಸಿರು, ಒಂದೇ ಒಂದು ಹೆಸರು ಉಳಿದರೂ ಕೆಂಪು.

ಎರಡು ವರ್ಷದ ಹಿಂದೆ ಊಟದ ಬಿಡುವಿನಲ್ಲಿ ನನ್ನನ್ನು ಕರೆದು ಕೂರಿಸಿಕೊಂಡು, ಇದನ್ನು ಇನ್ನೊಬ್ಬರಾದರೂ ಕಲಿತಿರಬೇಕು ಎಂದಿರಿ. ನಾನು, "ಅಕ್ಕಾ, ಐವತ್ತೆರಡು ದಾಟಿತು, ಈಗ ನನ್ನ ತಲೆಗೆ ಹೊಸದು ಹತ್ತುತ್ತಾ?" ಎಂದೆ. ನೀವು ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಅಜ್ಜಿ ಕತೆ ನೂರೈವತ್ತು ಬಾಯಿಗೆ ಬರುತ್ತೆ ಅಂತೀಯ, ಕತೆಯೊಳಗೆ ಕತೆ, ಅದರೊಳಗೊಂದು ಕತೆ. ಲಿಸ್ಪ್ ಅನ್ನೋ ಈ ಕಂಪ್ಯೂಟರ್ ಭಾಷೇನೂ ಅದೇ ಕಣೋ. ಒಂದು ಕಂಸ ತೆಗೆದ್ರೆ ಮುಚ್ಚೋದನ್ನ ಮರೀಬಾರದು ಅಷ್ಟೇ" ಎಂದಿರಿ.

ಆಮೇಲೆ ನಾಲ್ಕು ಖಾಲಿ ಪೆಟ್ಟಿಗೆ ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ನಡುವೆ ರಟ್ಟು ನಿಲ್ಲಿಸಿ ಎರಡು ಅರೆ ಮಾಡಿದಿರಿ. ಎಡಗಡೆ ಒಂದು ಹಣ್ಣು. ಬಲಗಡೆ ಮುಂದಿನ ಪೆಟ್ಟಿಗೆಗೆ ಕಟ್ಟಿದ ದಾರ. ಕೊನೆಯ ಪೆಟ್ಟಿಗೆಯ ದಾರ ಎಲ್ಲಿಗೂ ಹೋಗುವುದಿಲ್ಲ. ತಲೆ ಕೇಳಿದರೆ ಮೊದಲ ಹಣ್ಣು ಬರುತ್ತದೆ, ಬಾಲ ಕೇಳಿದರೆ ಉಳಿದ ಸಾಲಿಗೆ ಸಾಲೇ ಬರುತ್ತದೆ. ಹೊಸದನ್ನು ಸೇರಿಸುವುದು ಮುಂದೆ, ತಲೆಯ ಕಡೆ. ಎಲ್ಲ ಮುಗಿದರೆ ಉಳಿಯುವುದು ನಿಲ್, ಅಂದರೆ ಏನೂ ಇಲ್ಲ. ಮೊದಲ ಸಲ ಪರದೆಯ ಮೇಲೆ ಅದು ಬಂದಾಗ ನನಗೇ ಹೇಳಿದ್ದೆಂದು ತಿಳಿದು ಕೈ ತೆಗೆದು ಎದ್ದು ನಿಂತುಬಿಟ್ಟಿದ್ದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಕೋಣೆ ಮುಚ್ಚುವ ಬಾಗಿಲು ಮೇಸ್ತ್ರಿಗೂ ಹೇಳಿದಿರಿ, ಅವನು ಒಂದು ತಿಂಗಳು ನಾನು ಎದುರು ಸಿಕ್ಕಾಗಲೆಲ್ಲ "ನಿಲ್!" ಎಂದು ಕೂಗುತ್ತಿದ್ದ.

ಎಂಟು ಪಾಠ ಆಯಿತು. ಒಂಬತ್ತನೆಯದಕ್ಕೆ ನೀವು ಇರಲಿಲ್ಲ.

ಆ ದಿನ ನೀವು ಆರೂ ಕೋಣೆ ನೋಡಿಬರುವ ಸುತ್ತಿಗೆಂದು ಬಂದು ನಿಮ್ಮ ಹೆಸರು ಹಾಕಿ, ನಾಲ್ಕನೇ ಕೋಣೆಯ ಹೊಸ್ತಿಲಲ್ಲಿ ಎದೆ ಒತ್ತಿಕೊಂಡು ಕೂತಿರಿ. ನಾವು ಲಾರಿ ಬರುವ ಕಡೆಯಿಂದ ಎತ್ತಿಕೊಂಡು ಹೋದೆವು. ಹದಿನೆಂಟು ದಿನ ಮಲಗಿದ್ದು ಹೋಗಿಬಿಟ್ಟಿರಿ. ಹೊರಬರುವಾಗ ಒತ್ತಬೇಕಾದ ಅಂಕಿ ನಿಮ್ಮೊಂದಿಗೇ ಹೋಯಿತು. ಹೀಗಾಗಿ ಲೋಕದ ದಾಖಲೆಯಲ್ಲೆಲ್ಲ ನೀವು ಹೋಗಿದ್ದೀರಿ, ನೀವೇ ಮಾಡಿದ ಪಟ್ಟಿಗಳಲ್ಲಿ ಮಾತ್ರ ಒಳಗಿದ್ದೀರಿ.

ಈ ಸಲ ಕೋಣೆ ಮುಚ್ಚುವ ಕೆಲಸ ಶುರುವಾದಾಗ ತೊಂದರೆ ಗೊತ್ತಾಯಿತು. ಯಾವ ಕೋಣೆಯ ದೀಪವೂ ಹಸಿರಾಗಲೊಲ್ಲದು. ಕೆಂಪಿದ್ದರೂ ಮುಚ್ಚಲು ನೀವೇ ಒಂದು ಬೀಗದ ಕೈ ಇಟ್ಟಿದ್ದಿರಿ, ಅದರ ಜೊತೆಗೆ ಕಟ್ಟಳೆಯನ್ನೂ ಬರೆದಿದ್ದಿರಿ: ಒಬ್ಬರು ಕೊನೆಯ ಸಾಲಿನವರೆಗೆ ನಡೆದು ಹೋಗಿ, ಪಟ್ಟಿಯಲ್ಲಿ ಉಳಿದವರ ಹೆಸರನ್ನು ಮೂರು ಸಲ ಕೂಗಿ, ಕಾದು, ಆಮೇಲೆ ಬಾಗಿಲ ಬಳಿ ಬಂದು ಇನ್ನೊಂದು ಸಲ ಕೂಗಿ ಕೈ ತಿರುಗಿಸಬೇಕು. ಉಳಿದ ಹೆಸರು ನಿಮ್ಮದು. ಮೇಸ್ತ್ರಿ, ಬಾಯಿಬಡುಕ, ಯಾರಿಗೂ ಹೆದರದವನು, ಒಂದನೇ ಕೋಣೆಯೊಳಗೆ ಹೋಗಿ ಸತ್ತವರನ್ನು ಮೂರು ಸಲ ಕರೆದು ಹೊರಬಂದಾಗ ಅವನ ಮೀಸೆಯ ಮೇಲೆ ಬೆವರಿತ್ತು. ಒಳಗೆ ಒಂದು ಡಿಗ್ರಿ ಚಳಿ, ಅಕ್ಕ.

"ಗೇಟಣ್ಣಾ, ಕರೆಯೋದು ಕಷ್ಟ ಅಲ್ಲ ಮಾರಾಯ. ಕರೆದಮೇಲೆ ಕಾಯಬೇಕಲ್ಲ, ಅದು ಆಗಲ್ಲ ನನ್ನ ಕೈಲಿ" ಎಂದ.

ಎರಡನೆಯದನ್ನೂ ಮೂರನೆಯದನ್ನೂ ಅವನು ಹಾಗೆಯೇ ಗೊಣಗುತ್ತ ಮುಚ್ಚಿದ. ಹೊಸ ಮ್ಯಾನೇಜರಮ್ಮ ಒಂದು ದಿನ ಗೇಟಿಗೆ ಬಂದು, "ನೀವು ಅವರ ಹತ್ತಿರ ಕಲಿತಿದ್ದೀರಂತೆ. ಆ ಒಂದು ಹೆಸರು ತೆಗೆದುಹಾಕಿ. ನನ್ನ ಕೆಲಸದವರು ದಿನಾ ಒಬ್ಬ ಸತ್ತವರನ್ನ ಕೂಗೋದು ನನಗೆ ಸರಿಕಾಣಲ್ಲ" ಎಂದರು. ಅದೂ ನ್ಯಾಯವೇ. ನಾನು ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಒಂಬತ್ತನೇ ಪಾಠದಿಂದ ಒಬ್ಬನೇ ಓದತೊಡಗಿದೆ.

ಪಟ್ಟಿಯಿಂದ ಒಬ್ಬರನ್ನು ತೆಗೆಯುವ ಸಾಲು ಸುಲಭದ್ದು. ಬರೆದೆ. ಪರದೆ ಒಡನೆಯೇ ನಿಮ್ಮ ಹೆಸರಿಲ್ಲದ ಪಟ್ಟಿಯನ್ನು ತೋರಿಸಿತು. ಹೋಗಿ ಬನ್ನಿ ಅಕ್ಕ ಎಂದು ಮನಸ್ಸಿನಲ್ಲೇ ಅಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ, ನೀವು ಇದ್ದೀರಿ.

ಮತ್ತೆ ತೆಗೆದೆ. ಮತ್ತೆ ಪಟ್ಟಿ ಬರಿದಾಗಿ ಕಂಡಿತು. ಮರುದಿನ ಮತ್ತೆ ನೀವು. ಮೂರನೆಯ ದಿನ ತೆಗೆದು, ಎದ್ದು ಹೋಗದೆ, ಪಕ್ಕದಲ್ಲೇ ಕೂತು ಒಂದು ಲೋಟ ಚಹಾ ಕುಡಿದು ಮತ್ತೆ ಕೇಳಿದೆ: ಒಳಗೆ ಯಾರಿದ್ದಾರೆ? ನಿಮ್ಮ ಹೆಸರು. ಹಗಲು ಹತ್ತು ಗಂಟೆ, ಕಿಟಕಿಯ ಹೊರಗೆ ಲಾರಿಗಳು ಹಾರ್ನ್ ಹಾಕುತ್ತಿವೆ, ನನ್ನ ಬೆನ್ನು ಮಾತ್ರ ತಣ್ಣಗಾಗಿತ್ತು. ಹೀಗೆ ಒಂಬತ್ತು ಬೆಳಿಗ್ಗೆ. ಐದನೆಯ ದಿನದಿಂದ ತೆಗೆಯುವ ಮೊದಲು ನಿಮ್ಮ ಕ್ಷಮೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಏಳನೆಯ ದಿನ ಬೈದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು, "ಅಕ್ಕನಿಗೆ ಹೋಗೋ ಮನಸ್ಸಿಲ್ಲ ಕಣೋ, ಬಲವಂತ ಮಾಡಬೇಡ" ಎಂದ. ನಗಲಿಲ್ಲ ಅವನು.

ಒಂಬತ್ತನೆಯ ದಿನ ನೋಟ್‌ಬುಕ್ಕಿನ ಅಂಚಿನಲ್ಲಿ ಸಣ್ಣಗೆ ಬರೆದದ್ದು ಕಣ್ಣಿಗೆ ಬಿತ್ತು. 'ತೆಗೆ ಎಂದರೆ ಇದು ಇದ್ದ ಪಟ್ಟಿಯನ್ನು ಮುಟ್ಟುವುದಿಲ್ಲ. ತೆಗೆದರೆ ಹೇಗಿರುತ್ತದೆ ಎಂದು ಬೇರೆ ಪಟ್ಟಿ ಮಾಡಿ ತೋರಿಸುತ್ತದೆ, ಅಷ್ಟೆ. ತಮ್ಮ ಇಲ್ಲಿ ಎಡವುತ್ತಾನೆ.' ನೀವು ಬದುಕಿದ್ದಾಗಲೇ ನಾನು ಎಡವುವ ಜಾಗಕ್ಕೆ ಗುರುತು ಹಾಕಿ ಹೋಗಿದ್ದಿರಿ. ನಾನು ಒಂಬತ್ತು ದಿನ ನೀವಿಲ್ಲದ ಉಗ್ರಾಣದ ಚಿತ್ರ ನೋಡಿ ಮನೆಗೆ ಹೋಗುತ್ತಿದ್ದೆ, ನೀವು ಇದ್ದಲ್ಲೇ ಇದ್ದಿರಿ. ದೆವ್ವವಲ್ಲ, ನನ್ನ ದಡ್ಡತನ. ಎಷ್ಟು ನಿರಾಳವಾಯಿತೆಂದರೆ ಅಂದು ಎರಡು ಸಲ ಊಟ ಮಾಡಿದೆ.

ಹಾಗಾದರೆ ಇದ್ದ ಪಟ್ಟಿಯನ್ನೇ ಕತ್ತರಿಸಬೇಕು. ಅದಕ್ಕೂ ಸಾಲಿತ್ತು. ಅಲ್ಲಿ ನೀವು ಚಿತ್ರ ಬರೆದಿದ್ದಿರಿ: ಆರು ಕೋಣೆಗೆ ಆರು ಪಟ್ಟಿ, ಆರರ ದಾರವೂ ಕೊನೆಗೆ ಬಂದು ಸೇರುವುದು ಒಂದೇ ಪೆಟ್ಟಿಗೆಗೆ. ಆ ಪೆಟ್ಟಿಗೆಯ ಮೇಲೆ ಸುತ್ತು ಎಂದು ಬರೆದು, ಅದರ ಹಿಂದೆ ಸುತ್ತಿಗೆ ಹೋದವರ ಹೆಸರುಗಳು. ಸುತ್ತು ಹೋಗುವವರು ಯಾವ ಗಳಿಗೆಯಲ್ಲಿ ಯಾವ ಕೋಣೆಯಲ್ಲಿರುತ್ತಾರೋ ಹೇಳಲಾಗದು, ಆದ್ದರಿಂದ ಅವರು ಆರರಲ್ಲೂ ಇದ್ದಾರೆಂದೇ ಎಣಿಸಬೇಕು. ಆರು ಪಟ್ಟಿಗೆ ಒಂದೇ ಬಾಲ. ಎಂಥ ಚಂದದ ಉಪಾಯ ಅಕ್ಕ! ಅದರ ಕೆಳಗೆ ಗೆರೆ ಎಳೆದು ಬರೆದಿದ್ದಿರಿ: 'ಬಾಲ ಕತ್ತರಿಸುವ ಮುಂಚೆ ಅದರಲ್ಲಿ ಈ ಕ್ಷಣಕ್ಕೆ ಯಾರಿದ್ದಾರೆ ನೋಡು.'

ನಾನು ನೋಡಿದೆ. ಮಂಗಳವಾರ ಒಂಬತ್ತು ಗಂಟೆಗೆ ನೋಡಿದೆ. ಸುತ್ತಿನ ಹಿಂದೆ ನೀವೊಬ್ಬರೇ. ಆಮೇಲೆ ಸಾಲನ್ನು ಕಾಗದದ ಮೇಲೆ ಹದಿನೆಂಟು ಸಲ ಬರೆದು, ಕಂಸ ಎಣಿಸಿ, ಬಾಯಲ್ಲಿ ಹೇಳಿಕೊಂಡು ಅಭ್ಯಾಸ ಮಾಡಿದೆ. ಸುತ್ತಿನ ಬಾಲಕ್ಕೆ ನಿಲ್ ಇಡು. ಹನ್ನೊಂದೂಕಾಲಕ್ಕೆ ಗೇಟಿನ ಯಂತ್ರದಲ್ಲಿ ಬರೆದು ಗುಂಡಿ ಒತ್ತಿದೆ. ನಿಲ್ ಎಂದು ಬಂತು. ಕಣ್ಣೆತ್ತಿ ಕೋಣೆಗಳ ಮುಂದಿನ ಓಣಿಯ ಕಡೆ ನೋಡಿದರೆ, ಹನ್ನೊಂದು ತಿಂಗಳಲ್ಲಿ ಮೊದಲ ಸಲ, ಆರೂ ದೀಪ ಹಸಿರು.

ಒಂಬತ್ತಕ್ಕೂ ಹನ್ನೊಂದೂಕಾಲಕ್ಕೂ ನಡುವೆ ನನ್ನ ಹೆಂಡತಿ ಕೆಲಸಕ್ಕೆ ಬಂದಿದ್ದಳು. ಹಣ್ಣು ಕೊಯ್ದು ಹದ ನೋಡುವುದು ಅವಳ ಕೆಲಸ ಎಂಬುದು ನಿಮಗೆ ಗೊತ್ತೇ ಇದೆ. ಯಾವಾಗಲೂ ಮಧ್ಯಾಹ್ನ ಸುತ್ತಿಗೆ ಹೋಗುವವಳು ಅಂದು, ಕೊಳ್ಳುವವರು ಬೇಗ ಬರುತ್ತಾರೆಂದು, ಹತ್ತಕ್ಕೇ ಓಣಿಯ ಗುಂಡಿ ಒತ್ತಿ ಹೆಸರು ಹಾಕಿ ಒಳಗೆ ಹೋಗಿದ್ದಾಳೆ. ಹೊಸದು ಸೇರುವುದು ಮುಂದೆ. ಸುತ್ತು, ಅದರ ಹಿಂದೆ ಅವಳು, ಅವಳ ಹಿಂದೆ ನೀವು. ನಾನು ನಿಮ್ಮನ್ನು ಕತ್ತರಿಸುತ್ತಿದ್ದೇನೆಂದುಕೊಂಡು ಇಬ್ಬರನ್ನೂ ಕತ್ತರಿಸಿದ್ದೆ.

ಮೇಸ್ತ್ರಿ ಆ ಹೊತ್ತಿಗೆ ನಾಲ್ಕನೇ ಕೋಣೆಯ ಬಾಗಿಲಲ್ಲಿದ್ದ. ಹಸಿರು ಕಂಡು ನನ್ನ ಕಡೆ ಕೈಬೀಸಿದ. ಹಸಿರಿದ್ದ ಮೇಲೆ ಒಳಗೆ ಹೋಗಬೇಕಾಗಿಲ್ಲ, ಕೂಗಬೇಕಾಗಿಲ್ಲ. ಒಳಗಿನ ದೀಪ ಆರಿಸಿ ಬಾಗಿಲು ಎಳೆದ. ಇನ್ನೊಂದು ಮೊಳ ಉಳಿದಿತ್ತಂತೆ. ಮೂರು ಕೋಣೆಗಳ ಅಭ್ಯಾಸ ನೋಡಿ, ಬಾಯಿ ತಾನಾಗಿ ತೆರೆದುಕೊಂಡಿತು. "ಅಕ್ಕಾ, ಬಾಗಿಲು ಹಾಕ್ತಾ ಇದೀನಿ" ಎಂದ. ತಮಾಷೆಗೂ ಅಲ್ಲ, ಭಕ್ತಿಗೂ ಅಲ್ಲ, ಮನೆಯಿಂದ ಹೊರಡುವಾಗ ಹೇಳಿ ಹೊರಡುತ್ತೇವಲ್ಲ, ಹಾಗೆ.

ಒಳಗಿನಿಂದ "ಓ" ಎಂದು ಕೇಳಿತು.

ಅವನು ಗೇಟಿಗೆ ಓಡಿಬಂದ ರೀತಿಯನ್ನು ಬರೆದು ಹೇಳಲಾರೆ. ಕೈಯಲ್ಲಿದ್ದ ರಬ್ಬರು ಪಟ್ಟಿ ಹಾವಿನ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು. "ಓ ಅಂದ್ರು. ಓ ಅಂದ್ರು ಕಣೋ." ನಾನು ನಕ್ಕೆ. "ನೀನು ಬೆಳಿಗ್ಗೆ ಏನು ಕುಡಿದು ಬಂದಿದೀಯ?" ಎಂದು ಕೇಳಿದೆ. ಅವನು ನನ್ನ ಅಂಗಿ ಹಿಡಿದು, "ಆ ಓ ನನಗೆ ಗೊತ್ತಿಲ್ವಾ? ಪೆನ್ಸಿಲು ಕಚ್ಕೊಂಡು ಹಲ್ಲಿನ ಸಂದೀಲಿ ಅಂತಿದ್ರಲ್ಲ, ಅದೇ ಓ" ಎಂದ.

ಆಗ ನನ್ನ ಕಣ್ಣು ಓಣಿಯ ಗೂಟಗಳ ಕಡೆ ಹೋಯಿತು. ಸುತ್ತಿಗೆ ಹೋಗುವವರು ಉಣ್ಣೆಯ ಕೋಟು ಹಾಕಿಕೊಂಡು ತಮ್ಮ ಮೇಲಂಗಿಯನ್ನು ಅಲ್ಲಿ ತೂಗುಹಾಕುತ್ತಾರಲ್ಲ. ಕಂದು ಬಣ್ಣದ, ಮೊಣಕೈ ಹತ್ತಿರ ನಾನೇ ಹೊಲಿದು ಕೆಡಿಸಿದ ಮೇಲಂಗಿ.

ನಾಲ್ಕನೇ ಕೋಣೆಯವರೆಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಯ ಉದ್ದ ನನಗೆ ಮಾತ್ರ ಗೊತ್ತು. ಬಾಗಿಲು ಇನ್ನೂ ಮೊಳದಷ್ಟು ತೆರೆದೇ ಇತ್ತು. ಬ್ಯಾಟರಿ ಹಿಡಿದು ಸಂದಿಸಂದಿಯಲ್ಲಿ ನುಗ್ಗಿದೆವು. ಕೊನೆಯ ಸಾಲಿನ ಹಿಂದೆ, ಬೀಸಣಿಗೆಗಳ ಗುಂಯ್‌ಗುಡುವಿಕೆಯಲ್ಲಿ, ಏಣಿಯ ಮೇಲೆ, ಕಿವಿ ಮುಚ್ಚುವ ಉಣ್ಣೆಟೋಪಿ ಹಾಕಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಅವಳು ಸೇಬು ಹೆಚ್ಚುತ್ತಿದ್ದಳು.

"ಏನ್ರೀ ಇದು, ಇಬ್ರೂ ಹೆಣ ನೋಡಿದೋರ ಹಾಗೆ ನಿಂತಿದೀರ? ದೀಪ ಯಾಕ್ರೀ ಆರ್ಸಿದ್ರಿ?"

ಮೇಸ್ತ್ರಿ ಏಣಿ ಹಿಡಿದುಕೊಂಡು, "ಅತ್ತಿಗೆ, ನೀವೇ ತಾನೇ ಓ ಅಂದಿದ್ದು? ನೀವೇ ಅಂತ ಹೇಳಿಬಿಡಿ" ಎಂದ. ಬೇಡಿಕೊಂಡ ಎನ್ನಬೇಕು.

"ನಾನ್ಯಾಕೆ ಓ ಅನ್ಲಿ? ನನ್ನ ಯಾರು ಕರೆದ್ರು?"

ಮ್ಯಾನೇಜರಮ್ಮ ಅದು ಮಾರ್ದನಿ ಎಂದರು. ಚಾವಣಿಯವರೆಗೆ ಹಣ್ಣು ತುಂಬಿದ ಕೋಣೆಯಲ್ಲಿ ಮಾರ್ದನಿ ಏಳುವುದಿಲ್ಲ ಎಂದು ಮೇಸ್ತ್ರಿ ಹೇಳಿದ. ಇಪ್ಪತ್ತು ವರ್ಷದಿಂದ ಆ ಬಾಗಿಲುಗಳಲ್ಲಿ ಕೂಗಿದವನು ಅವನು. ಇಬ್ಬರೂ ನನ್ನ ಮುಖ ನೋಡಿದರು. ನಾನು ಪರದೆಯ ಕಡೆ ತಿರುಗಿದೆ.

ಮನೆಯಲ್ಲಿ ಅವಳು ಕೇಳಿದಳು, "ನಾನು ಹೆಸರು ಹಾಕಿದ್ದೆ. ಮತ್ತೆ ದೀಪ ಹ್ಯಾಗೆ ಹಸಿರಾಯ್ತು?" "ಹಳೇ ಮಿಷಿನ್ನು" ಎಂದೆ. ಬುಧವಾರ, ಗುರುವಾರ, ಶುಕ್ರವಾರ ತಟ್ಟೆಯ ಅನ್ನ ಹಾಗೇ ಉಳಿಯಿತು. ತಪ್ಪು ಮಾಡಿದ್ದಕ್ಕಿಂತ ಅದನ್ನು ಯಂತ್ರದ ತಲೆಗೆ ಕಟ್ಟಿದ್ದು ಹೆಚ್ಚು ಚುಚ್ಚುತ್ತಿತ್ತು. ಯಂತ್ರ ಎಂದರೆ ನೀವಲ್ಲವೇ? ಶನಿವಾರ ಬೆಳಿಗ್ಗೆ ಅವಳು ಬಟ್ಟೆ ಮಡಚುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ಒಂಬತ್ತು ಗಂಟೆಗೆ ನೋಡಿದ್ದು, ಮತ್ತೆ ನೋಡದೇ ಇದ್ದದ್ದು, ಹದಿನೆಂಟು ಸಲ ಕಂಸ ಎಣಿಸಿದ್ದು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಕೂಗಾಡಲಿಲ್ಲ. "ಕಂಸ ಎಣಿಸಿದ್ರಿ, ಜನಾನ ಎಣಿಸ್ಲಿಲ್ಲ" ಎಂದಳು. ಆಮೇಲೆ, "ಅಕ್ಕನ ಹೆಸರು ವಾಪಸ್ ಹಾಕಿ. ಅಲ್ಲೀವರೆಗೂ ನಾನು ಯಾವ ಕೋಣೆಗೂ ಕಾಲಿಡಲ್ಲ."

ಮ್ಯಾನೇಜರಮ್ಮನ ಮುಂದೆಯೂ ಹೋಗಿ ನಿಂತು ಹೇಳಿದೆ. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಹೋಗಿದ್ದೆ. ಅವರು ಕುರ್ಚಿಯ ಕೈ ಹಿಡಿದುಕೊಂಡರು. ಕೊನೆಗೆ, "ಇನ್ನೊಬ್ಬರು ಪಕ್ಕದಲ್ಲಿ ನಿಂತು ಓದದೆ ನೀವು ಒಂದು ಸಾಲೂ ಬರೆಯೋ ಹಾಗಿಲ್ಲ. ಹೆಸರು ಹಾಕಿ. ಕೂಗುವ ಕಟ್ಟಳೆ ಇರಲಿ. ದೀಪ ಯಾವ ಬಣ್ಣ ಇದ್ದರೂ ಇರಲಿ" ಎಂದರು.

ಹೀಗೆ ಸೋಮವಾರ ಹಗಲು, ಮೇಸ್ತ್ರಿಯನ್ನೂ ನನ್ನ ಹೆಂಡತಿಯನ್ನೂ ಎರಡು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಕ್ಷಣಕ್ಕೆ ಬಾಲದಲ್ಲಿ ಯಾರಿದ್ದಾರೆ ನೋಡಿಕೊಂಡು, ಸುತ್ತಿನ ಹಿಂದೆ ನಿಮ್ಮನ್ನು ಸೇರಿಸಿದೆ. ಕಾನ್ಸ್, ಅಂದರೆ ಮುಂದೆ ಸೇರಿಸು, ಎಂದು ನೀವು ಕಲಿಸಿದ್ದು, ಒಂದು ಹಣ್ಣು, ಒಂದು ದಾರ. ಓಣಿಯುದ್ದಕ್ಕೂ ದೀಪಗಳು ಒಂದಾದಮೇಲೊಂದು ಕೆಂಪಾದವು. ಮೇಸ್ತ್ರಿ "ಬಂದ್ರು" ಎಂದ.

ನಾಲ್ಕನೇ ಕೋಣೆಯನ್ನು ಅಂದೇ ಕೂಗಿ ಮುಚ್ಚಿದೆವು. ನಿನ್ನೆ ಐದನೆಯದು. ಕರೆಯಲು ನಾನೇ ಹೋದೆ, ಅದು ನನ್ನ ಪಾಲಿನದು ಎಂದು ಕೇಳಿಕೊಂಡು ಹೋದೆ. ಬೀಸಣಿಗೆ ನಿಲ್ಲಿಸಿದ್ದರು. ಕೊನೆಯ ಸಾಲಿನವರೆಗೆ ನಡೆದು, ಗೋಡೆಗೆ ಕೈ ತಾಗಿಸಿ, ಅಕ್ಕಾ, ಅಕ್ಕಾ, ಅಕ್ಕಾ ಎಂದು ಕೂಗಿ ಕಾದೆ. ಹಣ್ಣಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಮೇಸ್ತ್ರಿ ಹೇಳಿದ್ದು ನಿಜ, ಕಾಯುವುದೇ ಕಷ್ಟ. ಒಂದು ಕಡೆ ನಿಮ್ಮ ದನಿ ಇನ್ನೊಂದು ಸಲ ಕೇಳಬೇಕೆಂಬ ಆಸೆಯಿಂದ ಕಿವಿ ನೆಟ್ಟಗಾಗಿತ್ತು. ಇನ್ನೊಂದು ಕಡೆ, ಕೇಳಿಬಿಟ್ಟರೆ ಒಳಗೆ ನಮ್ಮವರು ಯಾರೋ ಉಳಿದಿದ್ದಾರೆ ಎಂದೇ ಅರ್ಥ. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು, ಎಲ್ಲ ಕೆಲಸದವರೂ ಅವಳ ಹಿಂದೆ ಬಿಸಿಲಲ್ಲಿ ನಿಂತಿದ್ದರು. ಒಬ್ಬೊಬ್ಬರನ್ನೇ ಎಣಿಸಿದೆ. ಎಲ್ಲರೂ ಇದ್ದರು. ಇನ್ನೊಂದು ಸಲ ಕೂಗಿ ಬೀಗದ ಕೈ ತಿರುಗಿಸಿದೆವು.

ಇನ್ನೂ ಒಂದು ಕೋಣೆ ಉಳಿದಿದೆ, ಅದಾದಮೇಲೆ ಮುಂದಿನ ವರ್ಷ ಮತ್ತೆ ಆರು. ನಾವು ಯಾರಾದರೊಬ್ಬರು ಬಂದು ಕರೆಯುತ್ತೇವೆ. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ ಅಕ್ಕ. ನಾವೆಲ್ಲ ಹೊರಗಿದ್ದರೆ, ಎಷ್ಟೇ ಪ್ರೀತಿಯಿಂದ ಕರೆದರೂ, ದಯವಿಟ್ಟು ಓ ಎನ್ನಬೇಡಿ. ನಿಮ್ಮ ಮೌನವನ್ನೇ ಆಶೀರ್ವಾದ ಎಂದುಕೊಂಡು ಬಾಗಿಲು ಹಾಕುತ್ತೇವೆ.

ಚಳಿ ನಿಮಗೆ ತಾಗದಿರಲಿ.

ಹತ್ತನೇ ಪಾಠದಲ್ಲಿರುವ ನಿಮ್ಮ ತಮ್ಮ,
ಗೇಟಿನವನು